ಕಾಫಿ ಸೀಮೆಯಲ್ಲಿ ಹಳೆಗಾಲದ ಸಿನಿಮಾ: ಮೊದಲು ಇಸವಿ ಗೊತ್ತುಮಾಡಿ

ಹಳೆಗಾಲದ ಕಥೆ ಹೇಳುವ ಸಿನಿಮಾಗಳಿಗೆ ಕೆಲವು ರೂಢಿಯ ಪಟ್ಟುಗಳಿವೆ. ವಯಸ್ಸಾದವರೊಬ್ಬರ ದನಿಯಲ್ಲಿ ಕಥೆ ಶುರುವಾಗುತ್ತದೆ. ಪರದೆಯ ಮೇಲೆ ಇಸವಿ ಮೂಡುತ್ತದೆ. ದೊಡ್ಡ ಮನೆಯ ಅಂಗಳಕ್ಕೆ ಹೊಸಬರೊಬ್ಬರು ಬಂದಿಳಿಯುತ್ತಾರೆ. ಊಟದ ಪಂಕ್ತಿಯಲ್ಲಿ ಯಾರು ಎಲ್ಲಿ ಕೂತರು ಎಂಬುದರಲ್ಲೇ ಆ ಮನೆಯ ಕಟ್ಟುಕಟ್ಟಳೆ ತಿಳಿದುಹೋಗುತ್ತದೆ. ಕಾಗದವೊಂದು ತಡವಾಗಿ ಕೈಸೇರುತ್ತದೆ, ಜಾತ್ರೆಯಲ್ಲೋ ಮಳೆಯಲ್ಲೋ ಕೂಡಬಾರದ ಇಬ್ಬರು ಎದುರಾಗುತ್ತಾರೆ, ಕೊನೆಗೆ ಆಸ್ತಿಯ ಮಾತೆದ್ದು ಮನೆ ಒಡೆಯುತ್ತದೆ.

ಇವನ್ನು ಬಳಸಲು ಹಿಂಜರಿಯಬೇಕಿಲ್ಲ. ಪ್ರೇಕ್ಷಕರು ಇವಕ್ಕಾಗಿಯೇ ಬರುತ್ತಾರೆ. ಆದರೆ ಈ ಪಟ್ಟುಗಳೆಲ್ಲ ಹುಟ್ಟಿದ್ದು ಆ ಕಾಲದ ಜನರಿಗಿದ್ದ ಯಾವುದಾದರೊಂದು ಅಡಚಣೆಯಿಂದ. ಫೋನಿಲ್ಲದ್ದರಿಂದ ಕಾಗದಕ್ಕೆ ಬೆಲೆ. ದಾರಿ ಕಷ್ಟವಾದ್ದರಿಂದ ಬಂದಿಳಿಯುವುದಕ್ಕೆ ತೂಕ. ಆ ಅಡಚಣೆ ಏನೆಂದು ಗೊತ್ತಿದ್ದರೆ ದೃಶ್ಯ ನಿಲ್ಲುತ್ತದೆ. ಗೊತ್ತಿಲ್ಲದಿದ್ದರೆ ಲಾಟೀನು, ಪೇಟ, ಎತ್ತಿನಗಾಡಿ ಎಲ್ಲ ಬರೀ ಅಲಂಕಾರ. ಅಡಚಣೆ ಗೊತ್ತಾಗಬೇಕಾದರೆ ‘ಅಜ್ಜನ ಕಾಲ’ ಅಂದರೆ ಸಾಲದು, ಒಂದು ಇಸವಿ ಬೇಕು.

ಇಲ್ಲಿ ಉದಾಹರಣೆಗೆ 1946, ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಮನೆ ಅಂತ ಇಟ್ಟುಕೊಳ್ಳೋಣ.

ಇಸವಿಯ ಹಾಳೆ

ಚಿತ್ರಕಥೆಯ ಎರಡನೇ ಕರಡಿಗೆ ಮುಂಚೆ ಒಂದು ಹಾಳೆಯಲ್ಲಿ ಆ ವರ್ಷ ಏನಿತ್ತು, ಏನಿರಲಿಲ್ಲ ಎಂದು ಬರೆದುಕೊಳ್ಳಿ. ಕಲಾ ನಿರ್ದೇಶಕ, ವಸ್ತ್ರ ವಿನ್ಯಾಸದವರು, ಸಂಭಾಷಣೆ ಬರೆಯುವವರು ಮೂವರ ಕೈಯಲ್ಲೂ ಅದೇ ಹಾಳೆ ಇರಬೇಕು. ಒಬ್ಬೊಬ್ಬರು ಒಂದೊಂದು ದಶಕವನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಲಸ ಮಾಡಿದಾಗಲೇ ಎಡವಟ್ಟು ಆಗುವುದು.

1946ರಲ್ಲಿ ಈ ಜಿಲ್ಲೆಯ ಹೆಸರು ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲೆ ಎಂದಾದದ್ದು 1947ರಲ್ಲಿ. ಆಳ್ವಿಕೆ ಮೈಸೂರು ಸಂಸ್ಥಾನದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟಿನಲ್ಲಿ, ಹಾಗಾಗಿ ಕಚೇರಿಯ ಗೋಡೆಯ ಮೇಲೆ ಜಯಚಾಮರಾಜ ಒಡೆಯರ ಪಟ ಬೇಕು. ನಾಲ್ವಡಿಯವರ ಪಟ ಹಳಬರ ಮನೆಯ ನಡುಮನೆಯಲ್ಲಿ ಉಳಿದಿದ್ದರೆ ಅದೂ ಸರಿಯೇ, ಅದರಿಂದ ಮನೆಯವರ ನಿಷ್ಠೆಯೂ ಗೊತ್ತಾಗುತ್ತದೆ. ತಾಲ್ಲೂಕಿನ ಅಧಿಕಾರಿ ಅಮಲ್ದಾರ, ತಹಸೀಲ್ದಾರ ಅಲ್ಲ. ಊರಿನಲ್ಲಿ ಪಟೇಲ, ಶಾನುಭೋಗ.

ದುಡ್ಡು ರೂಪಾಯಿ, ಆಣೆ, ಪೈ ಲೆಕ್ಕ: ಒಂದು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ನೂರು ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ಕ್ಕೆ. ತೂಕ ಸೇರು, ಮಣ; ದೂರ ಮೈಲಿ. ರಸ್ತೆಬದಿಯ ಕಿಲೋಮೀಟರ್ ಕಲ್ಲು ಚೌಕಟ್ಟಿಗೆ ಬಿದ್ದರೆ ಗೋಣಿಚೀಲ ಹೊದಿಸಿ ಮುಂದೆ ಪೊದೆ ಇಡಿ. ಪಿನ್‌ಕೋಡ್ ಬಂದದ್ದು 1972ರಲ್ಲಿ, ನೀಲಿ ಇನ್‌ಲ್ಯಾಂಡ್ ಕಾಗದ 1950ರಲ್ಲಿ. 1946ರ ಕಾಗದಕ್ಕೆ ಆರನೇ ಜಾರ್ಜ್ ದೊರೆಯ ತಲೆಯಿರುವ ಅಂಚೆಚೀಟಿಯೇ ಬೇಕು, ಯಾಕೆಂದರೆ ಮೈಸೂರಿನ ಸ್ವಂತ ಅಂಚೆ 1889ರಲ್ಲೇ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಗಿತ್ತು.

ಕಾಫಿಯ ವ್ಯಾಪಾರವನ್ನು ಕಥೆಯಲ್ಲಿ ತರುವವರು ಇದನ್ನೂ ನೋಡಿಕೊಳ್ಳಿ. ಯುದ್ಧಕಾಲದ 1942ರ ಕಾಯ್ದೆಯ ಮೇಲೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ, ಅಂದರೆ ಎಲ್ಲರ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. ತೋಟದ ಯಜಮಾನ ಖಾಸಗಿ ಸಾಹುಕಾರನ ಜತೆ ಬಹಿರಂಗವಾಗಿ ದರ ಚೌಕಾಸಿ ಮಾಡುವ ದೃಶ್ಯ 1930ಕ್ಕೆ ಸರಿ, 1946ಕ್ಕೆ ಅದು ಕದ್ದುಮುಚ್ಚಿ ನಡೆಯುವ ವ್ಯವಹಾರವಾಗುತ್ತದೆ. ಅಲ್ಲೇ ನಿಮಗೊಂದು ಒಳ್ಳೆಯ ಬಿಕ್ಕಟ್ಟು ಸಿಕ್ಕಿತಲ್ಲ. ಆಸ್ತಿ ಜಗಳಕ್ಕೂ ಹೀಗೇ: ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಮೈಸೂರು ಸಂಸ್ಥಾನ 1933ರಲ್ಲೇ ಕಾನೂನು ಮಾಡಿತ್ತು, ಇಡೀ ದೇಶಕ್ಕೆ ಉತ್ತರಾಧಿಕಾರದ ಕಾಯ್ದೆ ಬಂದದ್ದು 1956ರಲ್ಲಿ. ಗೇಣಿದಾರರ ಕಥೆಯಾದರೆ ಇಸವಿಯನ್ನು 1974ರ ಆಸುಪಾಸಿಗೆ ತನ್ನಿ. ಆ ವರ್ಷದ ಭೂಸುಧಾರಣೆಯ ತಿದ್ದುಪಡಿಗೆ ಹಿಂದೊಂದು, ಮುಂದೊಂದು ಲೋಕ.

ಬಂದಿಳಿಯುವ ದೃಶ್ಯ

ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಸಕಲೇಶಪುರದ ಘಾಟಿಯಲ್ಲಿ ರೈಲು ಮಂಗಳೂರಿನವರೆಗೆ ಓಡಲು ಶುರುವಾದದ್ದು 1970ರ ದಶಕದ ಕೊನೆಗೆ. ಆದ್ದರಿಂದ ಹಸಿರು ಕಣಿವೆಯ ಸೇತುವೆಗಳ ಮೇಲೆ ಹೊಗೆಯುಗುಳುತ್ತ ಹೋಗುವ ರೈಲನ್ನು 1946ಕ್ಕೆ ತರಬೇಡಿ, ಎಷ್ಟೇ ಆಸೆಯಾದರೂ. ಆಗ ಬೆಂಗಳೂರಿನಿಂದ ಬರುವವರು ಕಡೂರಿನಲ್ಲಿ ರೈಲು ಇಳಿದು, ಅಲ್ಲಿಂದ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಚಿಕ್ಕಮಗಳೂರು ಸೇರಿ, ಮುಂದಕ್ಕೆ ಇನ್ನೊಂದು ಬಸ್ಸೋ ಗಾಡಿಯೋ ಹಿಡಿಯಬೇಕು. ಪಾತ್ರ ತೋಟದ ಮನೆ ಮುಟ್ಟುವಾಗ ಸಂಜೆಯಾಗಿರುತ್ತದೆ, ಬಟ್ಟೆಯೆಲ್ಲ ಧೂಳು, ಕೈಯಲ್ಲಿ ಕಬ್ಬಿಣದ ಟ್ರಂಕು, ಸುತ್ತಿದ ಹಾಸಿಗೆ. ಇಸ್ತ್ರಿ ಮುರಿಯದ ಕೋಟಿನಲ್ಲಿ ಇಳಿಸಿದರೆ ಆ ದಾರಿಯೇ ಸುಳ್ಳಾಗುತ್ತದೆ.

ಕಾರು ಬೇಕೇ ಬೇಕೆಂದರೆ ಅಂಬಾಸಿಡರ್ ಬೇಡ, ಅದು 1950ರ ದಶಕದ ಕೊನೆಯ ಗಾಡಿ. ಜಾವಾ ಬೈಕು ಮೈಸೂರಿನಲ್ಲಿ ತಯಾರಾದದ್ದು 1961ರಿಂದ. 1946ಕ್ಕೆ ಆಸ್ಟಿನ್, ಫೋರ್ಡ್, ಷೆವರ್ಲೆಯಂಥವು ಒಪ್ಪುತ್ತವೆ. ಬಾಡಿಗೆಗೆ ಸಿಗುವ ಹಳೆ ಕಾರುಗಳು ಏರಿನಲ್ಲಿ ಬೇಗ ಕಾಯುತ್ತವೆ, ಎರಡು ಮೂರು ಟೇಕಿಗೆ ರೇಡಿಯೇಟರ್ ಕುದಿಯುತ್ತದೆ. 20 ಲೀಟರ್ ನೀರು ಜತೆಗಿರಲಿ, ಬಿಸಿಯಿರುವಾಗ ಮುಚ್ಚಳ ತೆಗೆಯಲು ಯಾರನ್ನೂ ಬಿಡಬೇಡಿ, ಓಡುವ ದೃಶ್ಯಗಳನ್ನು ಸಮತಟ್ಟಾದ ದಾರಿಯಲ್ಲಿ ಮುಗಿಸಿಕೊಳ್ಳಿ. ಎತ್ತಿನಗಾಡಿ ಅಗ್ಗ, ನೋಟವೂ ಚೆಂದ. ಆದರೆ ಎತ್ತನ್ನು ಚಿತ್ರೀಕರಿಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಮೊದಲೇ ತೆಗೆದುಕೊಳ್ಳಬೇಕು. ಅದಿಲ್ಲದಿದ್ದರೆ ಸೆನ್ಸಾರ್ ಹಂತದಲ್ಲಿ ದೃಶ್ಯವೇ ಸಿಕ್ಕಿಬೀಳುತ್ತದೆ.

ಡಾಂಬರು ರಸ್ತೆಯನ್ನು ಮಣ್ಣುದಾರಿ ಮಾಡಲು ಲೆಕ್ಕ ಹೀಗಿದೆ. ಎರಡು ಇಂಚು ದಪ್ಪಕ್ಕೆ ಹರಡಿದರೆ 100 ಘನ ಅಡಿಯ ಒಂದು ಲೋಡು ಮಣ್ಣು 600 ಚದರ ಅಡಿಗೆ ಬರುತ್ತದೆ, ಅಂದರೆ 12 ಅಡಿ ಅಗಲದ ದಾರಿಯಲ್ಲಿ 50 ಅಡಿ ಉದ್ದ. ನೂರೈವತ್ತು ಅಡಿ ಕಾಣಿಸಬೇಕಾದರೆ ಮೂರು ಲೋಡು. ಇದಕ್ಕಿಂತ ತೆಳುವಾದರೆ ಗಾಡಿಯ ಚಕ್ರ ಹೋದ ಕಡೆ ಕಪ್ಪು ಡಾಂಬರು ಇಣುಕುತ್ತದೆ. ಮಣ್ಣು ಆ ಜಾಗದ್ದೇ ಆಗಿರಲಿ: ಹಾಸನದ ಬಯಲು ಕಡೆಯಿಂದ ತಂದ ಮಣ್ಣು ಮೂಡಿಗೆರೆಯ ದಿಣ್ಣೆಯ ಬಣ್ಣಕ್ಕೆ ಹೊಂದದೆ ಎದ್ದುಕಾಣಬಹುದು. ನೀರು ಚಿಮುಕಿಸಿ, ಗಾಡಿ ನಾಲ್ಕು ಸಲ ಓಡಾಡಿಸಿ ಜಾಡು ಮೂಡಿಸಿ, ಚಿತ್ರೀಕರಣ ಮುಗಿದ ದಿನವೇ ಪೂರಾ ತೆಗೆಸಿ. ಒಂದು ಮಳೆ ಬಿದ್ದರೆ ಬೈಕಿನವರು ಜಾರಿ ಬೀಳುತ್ತಾರೆ.

ಬಟ್ಟೆ

ಹಳೆಗಾಲದ ಸಿನಿಮಾ ಹೆಚ್ಚು ಸೋಲುವುದು ಇಲ್ಲೇ, ಅದರಲ್ಲೂ ಬಿಳಿ ಬಟ್ಟೆಯಲ್ಲಿ. ಈಗಿನ ಪಂಚೆ, ಅಂಗಿಗಳಿಗೆ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಕ್ಯಾಮೆರಾದಲ್ಲಿ ಅದು ನೀಲಿ ಬೆರೆತ ಬಿಳಿಯಾಗಿ ಉರಿಯುತ್ತದೆ, ಪಕ್ಕದ ಮುಖ ಕಪ್ಪಿಡುತ್ತದೆ. ಇದಕ್ಕೆ ಟೀ ನೀರಿನಲ್ಲಿ ಅದ್ದುವುದೇ ನಂಬಿಕೆಯ ದಾರಿ. ಹತ್ತು ಲೀಟರ್ ನೀರಿಗೆ ಸುಮಾರು 50 ಗ್ರಾಂ ಟೀಪುಡಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಹತ್ತು ನಿಮಿಷ ಕುದಿಸಿ, ಗಂಟು ತೆಗೆದು ಒಂದು ಹಿಡಿ ಉಪ್ಪು ಹಾಕಿ. ಪಂಚೆಯನ್ನು ಮೊದಲು ತಣ್ಣೀರಿನಲ್ಲಿ ಪೂರ್ತಿ ನೆನೆಸಿ ಹಿಂಡಿ, ಆಮೇಲೆ ಅದ್ದಿ, ಐದರಿಂದ ಹತ್ತು ನಿಮಿಷ ಬಿಡದೆ ತಿರುವಿ, ಜಾಲಾಡಿ ನೆರಳಿನಲ್ಲಿ ಒಣಗಿಸಿ. ಒಣಬಟ್ಟೆಯನ್ನೇ ಅದ್ದಿದರೆ ಅಲ್ಲಲ್ಲಿ ಪಟ್ಟೆ ಬೀಳುತ್ತದೆ. ಕಬ್ಬಿಣದ ಬಾಂಡಲಿ ಬೇಡ, ಟೀಯ ಒಗರು ಕಬ್ಬಿಣಕ್ಕೆ ಸೇರಿ ಕರಿಚುಕ್ಕೆ ಬಿಡುತ್ತದೆ, ಅದು ಹೋಗುವುದಿಲ್ಲ. ಪಾಲಿಯೆಸ್ಟರ್ ಬೆರೆತ ಬಟ್ಟೆ ಬಣ್ಣ ಹಿಡಿಯುವುದಿಲ್ಲ, 1946ಕ್ಕೆ ಅದು ಸಲ್ಲುವುದೂ ಇಲ್ಲ. ಮೊದಲು ತುಂಡು ಬಟ್ಟೆಯಲ್ಲಿ ಮಾಡಿ, ಒಣಗಿದ ಮೇಲೆ ಕ್ಯಾಮೆರಾದಲ್ಲೇ ನೋಡಿ ತೀರ್ಮಾನಿಸಿ. ಕೊರಳಪಟ್ಟಿ, ಮುಂಗೈ, ಪಂಚೆಯ ಅಂಚುಗಳನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿದರೆ ತೊಟ್ಟು ಸವೆದ ಗುರುತು ಬರುತ್ತದೆ.

ಸೀರೆಯ ಉದ್ದ ಇನ್ನೊಂದು ಪಾಡು. ಆಗಿನ ಹದಿನಾರು ಮೊಳದ ಸೀರೆ ಎಂದರೆ ಎಂಟು ಗಜ, ಹದಿನೆಂಟು ಮೊಳ ಎಂದರೆ ಒಂಬತ್ತು ಗಜ, ಸುಮಾರು 8.2 ಮೀಟರ್. ಈಗ ಅಂಗಡಿಯಲ್ಲಿ ಸಿಗುವುದು ಐದೂವರೆ ಮೀಟರ್. ಅದರಲ್ಲಿ ಕಚ್ಚೆ ಹಾಕಲು ಹೋದರೆ ಸೆರಗು ಸಾಲದೆ ನಟಿ ಕೈ ಎತ್ತಿದಾಗೆಲ್ಲ ಎಳೆದುಕೊಳ್ಳಬೇಕಾಗುತ್ತದೆ, ಆ ಎಳೆದಾಟವೇ ಅಭಿನಯವಾಗಿ ಕಾಣುತ್ತದೆ. ಒಂದೇ ಬಗೆಯ ಎರಡು ಸೀರೆಗಳನ್ನು ಕೂಡಿಸಿ ಹೊಲಿದು, ಜೋಡಣೆ ಒಳಸುತ್ತಿಗೆ ಬರುವ ಹಾಗೆ ಉಡಿಸಬಹುದು. ಯಾವ ಮನೆಯವರು ಹೇಗೆ ಉಡುತ್ತಿದ್ದರು ಎಂಬುದು ಜಾತಿ, ಊರು, ವಯಸ್ಸಿಗೆ ತಕ್ಕಂತೆ ಬೇರೆ. ಆ ಊರಿನದೇ ಎಪ್ಪತ್ತೈದು ದಾಟಿದ ಅಜ್ಜಿಯರನ್ನು ಕರೆದು ಉಡಿಸಿ ನೋಡುವುದು ಯಾವ ಪುಸ್ತಕಕ್ಕಿಂತಲೂ ಮೇಲು. ರವಿಕೆ ಮುಂದೆ ಗಂಟು ಹಾಕುವಂಥದ್ದಿರಲಿ, ಬೆನ್ನಿನ ಹುಕ್ಕು ಬೇಡ. ನಟಿಯರು ಚಿತ್ರೀಕರಣಕ್ಕೆ ಎರಡು ತಿಂಗಳು ಮುಂಚಿನಿಂದ ಹುಬ್ಬು ತೀಡಿಸಬಾರದು. ಇದನ್ನು ಒಪ್ಪಂದದ ಹೊತ್ತಿನಲ್ಲೇ ಹೇಳಿ, ಆಮೇಲೆ ಯಾವ ಮೇಕಪ್ಪೂ ಅದನ್ನು ಸರಿಮಾಡುವುದಿಲ್ಲ.

ಮಳೆಯ ದೃಶ್ಯಕ್ಕೆ ಆಳುಗಳ ತಲೆಗೆ ಕಂಬಳಿ ಕೊಪ್ಪೆ ಅಥವಾ ಎಲೆಯಿಂದ ಹೆಣೆದ ಗೊರಬು, ಯಜಮಾನರಿಗೆ ಮರದ ಹಿಡಿಯ ಉದ್ದನೆಯ ಕರಿಕೊಡೆ. ಪ್ಲಾಸ್ಟಿಕ್ ಹಾಳೆ ಹೊದ್ದವರು ಹಿನ್ನೆಲೆಯಲ್ಲೂ ಇರಕೂಡದು. ಒದ್ದೆಯಾಗುವ ಪ್ರತಿ ಪಾತ್ರಕ್ಕೆ ಮೂರು ಜತೆ ಬಟ್ಟೆ ಬೇಕು, ಯಾಕೆಂದರೆ ಮಲೆನಾಡಿನ ಜುಲೈಯಲ್ಲಿ ಹತ್ತಿ ಬಟ್ಟೆ ಒಂದು ದಿನಕ್ಕೆ ಒಣಗುವುದಿಲ್ಲ.

ಮನೆ ಮತ್ತು ಪಂಕ್ತಿ

ತೊಟ್ಟಿಮನೆ ಸಿಕ್ಕಿದ ಕೂಡಲೇ ಕ್ಯಾಮೆರಾ ಇಡಬೇಡಿ, ಮೊದಲು ಹೆಂಚು ನೋಡಿ. ಮಂಗಳೂರು ಹೆಂಚು ಬಾಸೆಲ್ ಮಿಷನ್‌ನವರು 1865ರಲ್ಲಿ ಕಾರ್ಖಾನೆ ತೆರೆದ ಮೇಲಿನದು. 1946ಕ್ಕೆ ಅಡ್ಡಿಯಿಲ್ಲ, ಟಿಪ್ಪು ಕಾಲದ ಕಥೆಗಾದರೆ ನಾಡಹೆಂಚೋ ಹುಲ್ಲು ಮಾಡೋ ಬೇಕು. ಆಮೇಲೆ ಸ್ವಿಚ್‌ಬೋರ್ಡು, ಮೀಟರ್ ಪೆಟ್ಟಿಗೆ, ಫ್ಯಾನಿನ ಕೊಕ್ಕೆ, ಪಿವಿಸಿ ಕೊಳವೆ, ಮಾಡಿನ ಮೇಲಿನ ಸೋಲಾರ್ ಇವನ್ನೆಲ್ಲ ಕೋಣೆವಾರು ಬರೆದುಕೊಳ್ಳಿ. ಮರೆಮಾಡಲು ಮೊರ, ನೇತುಹಾಕಿದ ಕಂಬಳಿ, ಅಕ್ಕಿಮೂಟೆ ಸಾಕು. ಗೋಡೆಗೆ ಎಮಲ್ಷನ್ ಬಣ್ಣವಿದ್ದರೆ ಲಾಟೀನಿನ ಬೆಳಕಿಗೆ ಮಿಂಚುತ್ತದೆ. ಅದರ ಮೇಲೆ ಸುಣ್ಣ ಬಳಿದರೆ ಹಿಡಿಯದೆ ಹಪ್ಪಳ ಏಳುತ್ತದೆ. ತೊಳೆದರೆ ಹೋಗುವ ಮಂದ ಡಿಸ್ಟೆಂಪರ್ ತೆಳ್ಳಗೆ ಹಚ್ಚಿ, ಬಾಗಿಲ ಸುತ್ತ ಕೈ ತಾಗುವ ಎತ್ತರಕ್ಕೆ ಎಣ್ಣೆಜಿಡ್ಡಿನ ಗುರುತು, ಒಲೆಯ ಮೇಲ್ಗಡೆ ಮಸಿ ಮೂಡಿಸಿ. ಮನೆಯವರ ಒಪ್ಪಿಗೆ ಬರಹದಲ್ಲಿರಲಿ, ಕೈ ಹಾಕುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆದಿಡಿ.

ಅಡಿಗೆಮನೆಯಲ್ಲಿ ಸ್ಟೀಲು ಕಾಣಬಾರದು. ಹಿತ್ತಾಳೆ, ತಾಮ್ರ, ಕಲ್ಲಿನ ಮರಿಗೆ, ಮಣ್ಣಿನ ಗಡಿಗೆ. ನಟರು ನಿಜವಾಗಿ ಹುಳಿ, ಮಜ್ಜಿಗೆ ಬಡಿಸಿಕೊಂಡು ಉಣ್ಣುವುದಾದರೆ ಹಿತ್ತಾಳೆ ಪಾತ್ರೆಗೆ ಕಲಾಯಿ ಆಗಿರಲೇಬೇಕು, ಇಲ್ಲದಿದ್ದರೆ ಹುಳಿ ಕಿಲುಬುತ್ತದೆ, ಹೊಟ್ಟೆ ಕೆಡುತ್ತದೆ. ಎಲೆಯ ಕುಡಿ ಉಣ್ಣುವವರ ಎಡಕ್ಕೆ. ಅಡಿಗೆ ಹಂಗಾಮಿನದಾಗಿರಲಿ: ಮಳೆಗಾಲಕ್ಕೆ ಕಳಲೆ, ಅಣಬೆ; ಅವರೆ ಚಳಿಗೆ; ಹಲಸು ಮಳೆ ಹಿಡಿಯುವ ಮುಂಚೆ.

ಪಂಕ್ತಿಯ ದೃಶ್ಯ ಚೆಂದಕ್ಕಲ್ಲ. ನಡುಮನೆಯಲ್ಲಿ ಯಾರು, ಪಡಸಾಲೆಯಲ್ಲಿ ಯಾರು, ಜಗುಲಿಯ ಕೆಳಗೆ ಯಾರು, ಹೆಂಗಸರು ಎಷ್ಟು ಹೊತ್ತಿಗೆ, ಸಾಲಾಗಿ ಕಟ್ಟಿದ ಲೈನುಮನೆಗಳ ಆಳುಗಳಿಗೆ ಊಟ ಎಲ್ಲಿ ಎಂಬುದನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತುಹಾಕಿ. ಜಾತಿಯನ್ನು ಬಾಯಲ್ಲಿ ಹೇಳಿಸದೆ ಆ ಗೆರೆಗಳಲ್ಲೇ ತೋರಿಸಬಹುದು. ಹಳೆಯ ಮನೆಯ ಸೊಬಗನ್ನಷ್ಟೇ ತೋರಿಸಿ ಈ ಗೆರೆಗಳನ್ನು ಅಳಿಸಿಬಿಡುವ ಸಿನಿಮಾ ಆ ಮನೆಗೆ ಅನ್ನ ಹಾಕಿದವರಿಗೇ ಅನ್ಯಾಯ ಮಾಡುತ್ತದೆ.

ಬೆಳಕು, ಸದ್ದು

ತೋಟದ ಮನೆಯಲ್ಲಿ ಕರೆಂಟಿಲ್ಲ ಎಂದೇ ಇಟ್ಟುಕೊಳ್ಳಿ. ಲಾಟೀನಿನ ಜ್ವಾಲೆಯ ಬಣ್ಣ ಸುಮಾರು 1900 ಕೆಲ್ವಿನ್. ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನೂ (ಯಾವ ಬೆಳಕನ್ನು ಬಿಳಿಯೆಂದು ಎಣಿಸಬೇಕೆಂಬ ಹೊಂದಾಣಿಕೆ) ಅಲ್ಲಿಗೇ ಇಳಿಸಿದರೆ ಜ್ವಾಲೆ ಬಿಳುಪಾಗಿ ರಾತ್ರಿಯೇ ಕಳೆದುಹೋಗುತ್ತದೆ. 3200ರಲ್ಲಿ ನಿಲ್ಲಿಸಿ. ಜ್ವಾಲೆಯೊಂದರಿಂದಲೇ ಮುಖ ಬೆಳಗದು, ಲಾಟೀನಿನ ಹಿಂದೆ ಕ್ಯಾಮೆರಾಕ್ಕೆ ಕಾಣದ ಕಡೆ ಮಂದಮಾಡಿದ ಸಣ್ಣ ಬಲ್ಬೊಂದನ್ನು ಅದೇ ಎತ್ತರದಲ್ಲಿ ಕಟ್ಟಿ. ಮೇಲಿನಿಂದ ಬೆಳಕು ಬಿಟ್ಟರೆ ಮೋಸ ತಕ್ಷಣ ಗೊತ್ತಾಗುತ್ತದೆ, ಮೂಗಿನ ನೆರಳು ಬಾಯಿಗೆ ಬೀಳುತ್ತದೆ. ಎಲ್‌ಇಡಿ ಮಿನುಗದಿರಲು, ಸೆಕೆಂಡಿಗೆ 24 ಫ್ರೇಮಿನಲ್ಲಿ ಶಟರನ್ನು (ಪ್ರತಿ ಫ್ರೇಮಿಗೆ ಬೆಳಕು ಬಿಡುವ ಕಿಂಡಿ) 172.8 ಡಿಗ್ರಿಗೆ ಇಡಿ. ಬತ್ತಿ ಎತ್ತರವಾದರೆ ಗಾಜು ಹೊಗೆಹಿಡಿದು ಎರಡು ಟೇಕಿನ ನಡುವೆ ಬೆಳಕು ಬದಲಾಗುತ್ತದೆ. ಬತ್ತಿಯನ್ನು ನೇರ ಕತ್ತರಿಸಿ, ಮೂರು ಹೆಚ್ಚುವರಿ ಗಾಜು ಇಟ್ಟುಕೊಳ್ಳಿ.

ಮಳೆ ಎದುರಿನ ಬೆಳಕಿಗೆ ಕಾಣುವುದೇ ಇಲ್ಲ. ನಿಜವಾದ ಜಡಿಮಳೆಯೂ ಹಿಂಬದಿಯಿಂದ ಬೆಳಕು ಬಿದ್ದರಷ್ಟೇ ಎಳೆಎಳೆಯಾಗಿ ಕಾಣುತ್ತದೆ.

ಗ್ರಾಮಫೋನ್ ಇಟ್ಟರೆ ಇದು ನೆನಪಿರಲಿ: ಆಗಿನ ತಟ್ಟೆಯ ಒಂದು ಮಗ್ಗುಲು ಮೂರು, ಮೂರೂವರೆ ನಿಮಿಷ. ಐದು ನಿಮಿಷದ ಮಾತಿಗೆ ಒಂದೇ ಹಾಡು ಓಡಿಸುವಂತಿಲ್ಲ. ಯಾರಾದರೂ ಎದ್ದು, ಕೀಲಿ ತಿರುಗಿಸಿ, ಮುಳ್ಳು ಬದಲಿಸಿ, ತಟ್ಟೆ ಮಗುಚಬೇಕು. ಆ ಏಳುವುದನ್ನೇ ಮಾತು ಕಡಿಯಲು ಬಳಸಿ. ಬ್ಯಾಟರಿ ಮೇಲೆ ನಡೆಯುವ ವಾಲ್ವ್ ರೇಡಿಯೋ ಆದರೂ ಒತ್ತಿದ ಕೂಡಲೇ ಮಾತಾಡಬಾರದು, ಕಾದು ಬಿಸಿಯಾಗಲಿ.

ಹೊರಾಂಗಣದ ಬಲೆಗಳು

ಹೇಮಾವತಿ ಹಿನ್ನೀರಿನ ಪಾಳು ಶೆಟ್ಟಿಹಳ್ಳಿ ಚರ್ಚು ಕಂಡರೆ ಹಳೆಗಾಲದ ಕಥೆಯವರಿಗೆಲ್ಲ ಆಸೆ. ಆ ಹಿನ್ನೀರು ನಿಲ್ಲಿಸಿದ ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. 1946ಕ್ಕೆ ಅದು ಜನ ಸೇರುತ್ತಿದ್ದ ಚರ್ಚು, ಪಾಳಲ್ಲ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದ ಕಥೆಗೆ ಬೇಲೂರಿಗೆ ಹೋದರೂ ಹೀಗೇ: ಚೆನ್ನಕೇಶವನ ಪ್ರತಿಷ್ಠೆ 1117, ಆದರೆ ಈಗ ಕಾಣುವ ದೊಡ್ಡ ಗೋಪುರ ವಿಜಯನಗರದ ಕಾಲದ್ದು, ಅದು ಚೌಕಟ್ಟಿಗೆ ಬೀಳಬಾರದು. ಬೇಲೂರು, ಹಳೇಬೀಡು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಅರ್ಜಿ, ಶುಲ್ಕ, ಒಪ್ಪಿಗೆ ಎಲ್ಲ ಆಗುವವರೆಗೆ ದಿನಾಂಕ ಗೊತ್ತುಮಾಡಬೇಡಿ.

ಗಿಡಮರಗಳಿಗೂ ಇಸವಿಯಿದೆ. ಅಕೇಶಿಯಾ ನೆಡುತೋಪುಗಳು ಈಚಿನವು. ಕಾಫಿಯಲ್ಲಿ ಚಂದ್ರಗಿರಿ ತಳಿ 2007ರದು, ಗಿಡ್ಡಗೆ ಒತ್ತಾಗಿ ನಿಂತಿರುತ್ತದೆ. ಹಳೆಯ ಅರೇಬಿಕಾ ಗಿಡಗಳಿರುವ, ಅತ್ತಿ, ಬಸರಿ, ಹಾಲವಾಣದ ಮಿಶ್ರ ನೆರಳಿನ ತೋಟ ಹುಡುಕಿ. ಸಾಲು ಹಿಡಿದ ಸಿಲ್ವರ್ ಓಕ್ ತೋಟ ಬೇಡ. ಹೂವು ಬೇಕೆಂದರೆ ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಒಂದು ವಾರಕ್ಕೆ ತಂಡ ಸಿದ್ಧವಾಗಿರಬೇಕು, ಅರಳಿದ್ದು ಮೂರು ನಾಲ್ಕು ದಿನದಲ್ಲಿ ಕಂದುತ್ತದೆ. ಅರೇಬಿಕಾ ಹಣ್ಣಿನ ಕುಯ್ಲು ನವೆಂಬರ್‌ನಿಂದ ಜನವರಿ. ಹೂವು, ಹಣ್ಣು ಎರಡನ್ನೂ ಒಂದೇ ತಿಂಗಳ ಕಥೆಯಲ್ಲಿ ತೋರಿಸಿದರೆ ಇಲ್ಲಿನ ಪ್ರೇಕ್ಷಕ ನಂಬುವುದಿಲ್ಲ.

ಡ್ರೋನ್ ಹಾರಿಸುವ ಆಸೆ ಬಿಡಿ. ಮೇಲಿನಿಂದ ತಗಡಿನ ಮಾಡು, ಟಾರ್ಪಾಲು, ತಂತಿ, ಟವರು ಎಲ್ಲ ಕಾಣುತ್ತವೆ. ಡಿಸೆಂಬರ್, ಜನವರಿಯ ಮುಂಜಾನೆಯ ಮಂಜಿನಲ್ಲಿ ಕ್ಯಾಮೆರಾ ಕೆಳಗಿಟ್ಟರೆ ಅರ್ಧ ಕೆಲಸ ಪ್ರಕೃತಿಯೇ ಮಾಡಿಕೊಡುತ್ತದೆ. ಶನಿವಾರ, ಭಾನುವಾರ ಗಿರಿಯ ರಸ್ತೆಗಳಲ್ಲಿ ಪ್ರವಾಸಿಗರ ಗಾಡಿಗಳ ಸದ್ದು ನಿಲ್ಲುವುದಿಲ್ಲ. ಲೈವ್ ಸೌಂಡಿನವರು ಮಂಗಳವಾರದಿಂದ ಗುರುವಾರದೊಳಗೆ ಮುಗಿಸಿಕೊಳ್ಳಿ.

ಮಾತು

ಹಳೆಗಾಲವೆಂದರೆ ನಾಟಕದ ಗ್ರಾಂಥಿಕ ಎಂಬ ರೂಢಿಯನ್ನು ಮಾತ್ರ ಕೈಬಿಡಬೇಕು. 1946ರ ಮೂಡಿಗೆರೆಯವರು ತಮ್ಮೂರಿನ ಕನ್ನಡವನ್ನೇ ಆಡುತ್ತಿದ್ದರು. ತೋಟದಲ್ಲಿ ತುಳು, ಕೊಂಕಣಿ, ಬ್ಯಾರಿ, ತಮಿಳೂ ಕೇಳುತ್ತಿದ್ದವು. ರೈಟರು (ತೋಟದ ಗುಮಾಸ್ತ), ಮೇಸ್ತ್ರಿ, ಕಣ (ಕಾಫಿ ಒಣಗಿಸುವ ಅಂಗಳ), ಲೈನು ಎಂಬ ಮಾತುಗಳನ್ನು ಹಾಗೆಯೇ ಬಳಸಿ. ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ: ‘ನಮ್ಮೋರು ಕಣದ ಹತ್ರ ಅವ್ರೆ’ ಅಂದರೆ ಸಾಕು. ಆಳು ‘ಗೌಡ್ರೇ’, ‘ಅಯ್ಯಾ’, ‘ಅಮ್ಮಾರೇ’ ಅನ್ನುವುದರಲ್ಲಿ ಯಾವುದು ಎಂಬುದನ್ನು ಮನೆಯ ಜಾತಿ ನೋಡಿ ಮೊದಲೇ ಗೊತ್ತುಮಾಡಿ, ಕೊನೆಯವರೆಗೂ ಬದಲಿಸಬೇಡಿ. ಬದಲಾದರೆ ಅದು ಕಥೆಯ ತಿರುವೇ ಆಗಿರಬೇಕು.

ಕಾಗದದ ಒಕ್ಕಣೆಯೂ ಮಾತೇ. ಮೇಲೆ ‘ಶ್ರೀ’, ಆಮೇಲೆ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರ, ಉಭಯ ಕುಶಲೋಪರಿ, ಅನಂತರ ವಿಷಯ. ಶುಭದ್ದಾದರೆ ನಾಲ್ಕು ಮೂಲೆಗೆ ಅರಿಸಿನ. ಸಾವಿನ ಸುದ್ದಿಯ ಕಾಗದವನ್ನು ಓದಿ ಹರಿದುಹಾಕುತ್ತಿದ್ದರು, ಮನೆಯಲ್ಲಿ ಇಡುತ್ತಿರಲಿಲ್ಲ. ಇದೊಂದು ಗೊತ್ತಿದ್ದರೆ ಕಾಗದವನ್ನು ಹಿನ್ನೆಲೆ ದನಿಯಲ್ಲಿ ಓದಿಸುವ ಅಗತ್ಯವೇ ಇಲ್ಲ, ಹರಿಯುವ ಕೈ ತೋರಿಸಿದರೆ ಆಯಿತು. ಬರಹ ಶಾಯಿಯದು, ಬಾಲ್‌ಪೆನ್ನಿನದಲ್ಲ. ಅಂಗಡಿ, ಬಸ್ಸುಗಳ ಬೋರ್ಡನ್ನು ಕಂಪ್ಯೂಟರಿನ ಅಕ್ಷರದಲ್ಲಿ ಮುದ್ರಿಸದೆ ಕುಂಚದವರಿಂದ ಬರೆಸಿ.

ಸಂಕಲನದ ಮೇಜಿನಲ್ಲಿ

ಮುದುಕರ ದನಿಯನ್ನು ಕೊನೆಗೆ ಬರೆಯಿರಿ. ಮೊದಲ ಜೋಡಣೆಯನ್ನು ಆ ದನಿಯಿಲ್ಲದೆ ನೋಡಿ, ಕಥೆ ಅರ್ಥವಾಗದ ಕಡೆ ಮಾತ್ರ ಅದನ್ನು ತನ್ನಿ. ಇಡೀ ಚಿತ್ರಕ್ಕೆ ಕಂದು ಬಣ್ಣ ಬಳಿಯಬೇಡಿ: ಫೋಟೋ ಕಂದಿದ್ದೇ ಹೊರತು ಆ ಕಾಲ ಕಂದಾಗಿರಲಿಲ್ಲ, ಮಲೆನಾಡಿನ ಹಸಿರು ಆಗಲೂ ಹೀಗೇ ಕಣ್ಣು ಕುಕ್ಕುತ್ತಿತ್ತು.

ಆಮೇಲೆ ಸದ್ದು ನಿಲ್ಲಿಸಿ ಇಡೀ ಚಿತ್ರವನ್ನು ಒಮ್ಮೆ ಬರೀ ಹಿನ್ನೆಲೆಗಾಗಿ ನೋಡಿ, ಇನ್ನೊಮ್ಮೆ ಕಣ್ಣುಮುಚ್ಚಿ ಬರೀ ಸದ್ದಿಗಾಗಿ ಕೇಳಿ. ಮೊದಲನೆಯದರಲ್ಲಿ ವಾಚಿನ ಬಿಳಿ ಗುರುತು, ಚಪ್ಪಲಿಯ ಗುರುತು, ದೂರದ ಟವರು ಸಿಗುತ್ತವೆ. ಎರಡನೆಯದರಲ್ಲಿ ಮಿಕ್ಸಿ, ಪಂಪ್‌ಸೆಟ್, ಮರ ಕೊಯ್ಯುವ ಮಷೀನು. ಬೀಡಿ, ಹುಕ್ಕ ಸೇದುವ ಫ್ರೇಮುಗಳನ್ನು ಬೇರೆ ಪಟ್ಟಿ ಮಾಡಿ. ತಂಬಾಕಿನ ಎಚ್ಚರಿಕೆಯ ಸಾಲು ಅವುಗಳ ಮೇಲೆ ಬರಲೇಬೇಕು, ಅದು 1946ರ ಕತ್ತಲೆಯ ದೃಶ್ಯದಲ್ಲಿ ಬೆಳ್ಳಗೆ ಹೊಳೆಯುತ್ತದೆ. ಆದ್ದರಿಂದ ಯಾವ ದೃಶ್ಯಕ್ಕೆ ಬೀಡಿ ನಿಜವಾಗಿ ಬೇಕು ಎಂಬುದನ್ನು ಚಿತ್ರೀಕರಣಕ್ಕೆ ಮುಂಚೆಯೇ ಗೊತ್ತುಮಾಡಿಕೊಂಡಿರಿ.